ಒಂಬತ್ತನೆಯ ನಂಬರಿನ ಬೆನ್ನು

“ಅಕ್ಕ, ಇವನು ಆಟ ತೋರಿಸ್ತಿಲ್ಲ. ನಿಮ್ಮ ಹುಡುಗಿ ಹಿಂದೆ ಬಿದ್ದಿದ್ದಾನೆ,” ಎಂದಳು ತ್ರಿವೇಣಿ.

ಸುನಂದ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. ಪಕ್ಕದ ಮನೆಯ ತ್ರಿವೇಣಿಯ ಆ ಮೊಬೈಲೇ ಶನಿವಾರ ಸಂಜೆ ಅವಳಿಗೆ ಟೀವಿ. ಬೆಂಗಳೂರಿನಲ್ಲಿ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಲೀಗ್ ನಡೆಯುತ್ತಿತ್ತು. ಸಂಬಳ ಕೊಟ್ಟು ಆಡಿಸುವ ಆಟ. ಚೆಂಡು ಎಡಕ್ಕೆ ಹಾರಿತು, ಜನ ಹೋ ಎಂದು ಕೂಗಿದರು. ಚಿತ್ರ ಮಾತ್ರ ಬಲಗಡೆ ನಿಂತಿದ್ದ ಒಂಬತ್ತನೆಯ ನಂಬರಿನ ಬೆನ್ನನ್ನು ಬಿಟ್ಟು ಕದಲಲಿಲ್ಲ. ಒಂಬತ್ತು ಅಂದರೆ ಧನಶ್ರೀ, ಸುನಂದಳ ಒಬ್ಬಳೇ ಮಗಳು.

ಇವರ ಊರು ಟೇಕಲ್‌ನಲ್ಲಿ ಎಲ್ಲರ ಮನೆಗೂ ಕೇಬಲ್ ಇದೆ, ಕ್ರೀಡಾ ಚಾನೆಲ್ಲೂ ಬರುತ್ತದೆ, ಈ ಲೀಗ್ ಮಾತ್ರ ಯಾವ ಚಾನೆಲ್‌ನಲ್ಲೂ ಇಲ್ಲ. ಸುನಂದಳ ಮನೆಯ ವೈರನ್ನಂತೂ ಗಂಡ ಅಶ್ವತ್ಥಪ್ಪ ಕುಡುಗೋಲಿನಲ್ಲಿ ಕತ್ತರಿಸಿ ಮೂರು ವರ್ಷವಾಗಿತ್ತು. ಅವತ್ತು ಧನಶ್ರೀಯ ನಿಶ್ಚಿತಾರ್ಥ. ಗಂಡಿನ ಕಡೆಯವರು ಮಾಲೂರು ಬಿಟ್ಟಾಗಿತ್ತು. ಹುಡುಗಿ ತಂಡದ ಆಯ್ಕೆಗೆಂದು ಬೆಂಗಳೂರಿನ ರೈಲು ಹತ್ತಿದ್ದಳು. ನೆಂಟರ ಮುಂದೆ ಅಶ್ವತ್ಥಪ್ಪನ ತಲೆ ತಗ್ಗಿತು. “ಕೋಲಾರಮ್ಮನ ಆಣೆ, ಇನ್ನು ಅವಳ ಮುಖ ನೋಡಲ್ಲ,” ಎಂದುಬಿಟ್ಟ. ಆ ಮನೆಯಲ್ಲಿ ದೇವಿಯ ಹೆಸರಿನಲ್ಲಿ ಇಟ್ಟ ಆಣೆಯನ್ನು ಮುರಿದವರಿಲ್ಲ.

ತಾಯಿಯಂತೆ ಮಗಳು ಅನ್ನುವ ಗಾದೆ ಇವರ ಪಾಲಿಗೆ ಶುದ್ಧ ಸುಳ್ಳು. ಹಟದಲ್ಲಿ ಮಗಳು ಅಪ್ಪನ ಪಡಿಯಚ್ಚು. ಅಪ್ಪ ಕರೆಯುವ ತನಕ ತನ್ನ ದನಿಯೂ ಕೇಳಿಸುವುದಿಲ್ಲ ಎಂದು ಫೋನ್ ನಂಬರನ್ನೇ ಬದಲಿಸಿದಳು. ಇಬ್ಬರ ನಡುವೆ ಬೆಂದುಹೋದವಳು ಸುನಂದ.

ಯಾರೋ ಪ್ರೇಕ್ಷಕರ ನಡುವೆ ಕೂತು ಮೊಬೈಲಿನಲ್ಲಿ ತೆಗೆದು ಕಳಿಸುವ ಈ ಲೈವ್ ಶುರುವಾಗಿ ಎರಡು ತಿಂಗಳು. ಶನಿವಾರ ಸಂಜೆ ಆರಕ್ಕೆ ತ್ರಿವೇಣಿಯ ಮೊಬೈಲಿಗೆ ಗುರುತಿಲ್ಲದ ನಂಬರಿನಿಂದ ಒಂದು ಲಿಂಕ್ ಬರುತ್ತಿತ್ತು. ಜೊತೆಗೆ ಒಂದಕ್ಷರವೂ ಇಲ್ಲ. ಒತ್ತಿದರೆ ಆಟ. ತಿರುಗಿ ಫೋನ್ ಮಾಡಿದರೆ ಎತ್ತುವವರಿಲ್ಲ. ಅಶ್ವತ್ಥಪ್ಪ ಶನಿವಾರ ಮಧ್ಯಾಹ್ನ ಟೊಮೆಟೊ ಲೋಡಿನ ಜೊತೆ ಕೋಲಾರದ ಮಾರ್ಕೆಟ್ಟಿಗೆ ಹೋದರೆ ಬರುವುದು ರಾತ್ರಿ ಹತ್ತು ದಾಟಿದ ಮೇಲೆ. ಅದೇ ತನ್ನ ಪುಣ್ಯ ಎಂದುಕೊಂಡು ಸುನಂದ ಸೆರಗು ಸರಿಮಾಡಿಕೊಂಡು ಪಕ್ಕದ ಮನೆಗೆ ಓಡುತ್ತಿದ್ದಳು.

ಮೊದಮೊದಲು ಆ ಲೈವ್ ಮಾಡುವವನಿಗೆ ಮನಸ್ಸಿನಲ್ಲೇ ಕೈಮುಗಿದಳು. ಆಮೇಲೆ ಒಂದು ವಿಷಯ ಚುಚ್ಚತೊಡಗಿತು. ಧನಶ್ರೀ ಈ ಕಡೆ ತಿರುಗಿದಳೋ ಇಲ್ಲವೋ, ಚಿತ್ರ ದಡಕ್ಕನೆ ನೆಲಕ್ಕಿಳಿಯುತ್ತಿತ್ತು. ಮಗಳ ಮುಖ ಕಂಡೀತೆಂದು ಕಣ್ಣರಳಿಸಿದಾಗಲೆಲ್ಲ ಬರೀ ಸಿಮೆಂಟು ನೆಲ. ಎರಡು ತಿಂಗಳಲ್ಲಿ ಒಂದು ಸಲವೂ ಅವಳ ಮುಖ ಕಂಡಿರಲಿಲ್ಲ.

“ಕಳ್ಳ ಕಣಕ್ಕ. ಅವಳು ನೋಡಿಬಿಟ್ರೆ ಸಿಕ್ಕಿಬೀಳ್ತೀನಿ ಅಂತ ಭಯ,” ಎಂದಳು ತ್ರಿವೇಣಿ. “ಇವತ್ತು ಬೆನ್ನ ಹಿಂದೆ ಕೂತಿರೋನು ನಾಳೆ ಬೀದೀಲಿ ಅಡ್ಡ ಹಾಕಲ್ವಾ? ನನ್ನ ನಂಬರ್ ಅವನಿಗೆ ಹೆಂಗೆ ಸಿಕ್ತು, ಅದನ್ನ ಯೋಚನೆ ಮಾಡಿ.”

ಸುನಂದಳಿಗೆ ಆ ವಾರವೆಲ್ಲ ಅನ್ನ ಸೇರಲಿಲ್ಲ. ಮುಂದಿನ ಶನಿವಾರ ಗಂಡ ಹೊರಡುವಾಗ ಧೈರ್ಯ ಮಾಡಿದಳು.

“ಪಟ್ಟಣದಲ್ಲಿ ಒಂಟಿ ಹೆಣ್ಣುಮಕ್ಕಳ ಹಿಂದೆ ಯಾರ್ಯಾರೋ ಬೀಳ್ತಾರಂತೆ.”

ಅಶ್ವತ್ಥಪ್ಪ ತನ್ನ ಹಳೇ ಬಟನ್ ಫೋನನ್ನು ಮೇಲಿನ ಜೇಬಿಗೆ ಹಾಕಿ, ಒಳಜೇಬಿನಲ್ಲಿದ್ದ ಇನ್ನೇನನ್ನೋ ತಡವುತ್ತಿದ್ದವನು ನಿಂತ. “ಹಿಂದೆ ಯಾರಾದ್ರೂ ಇರ್ಲಿ ಬಿಡೇ. ಯಾರೂ ಇಲ್ದೇ ಇರೋದು ಕಷ್ಟ.”

ಎದೆ ಉಜ್ಜಿಕೊಂಡು, ಗ್ಯಾಸು ಎಂದು ಗೊಣಗಿ, ಒಂದು ಲೋಟ ಜೀರಿಗೆ ನೀರು ಕುಡಿದು, ಟವಲನ್ನು ಹೆಗಲಿಗೆ ಹಾಕಿಕೊಂಡು ಹೋದ. ಇದು ಎದೆಯೋ ಕಲ್ಲೋ ಎಂದು ಸುನಂದಳಿಗೆ ಅಳು ಬಂತು, ಸಿಟ್ಟೂ ಬಂತು. ಹೆತ್ತ ಮಗಳ ಬಗ್ಗೆ ಆಡುವ ಮಾತೇ ಅದು?

ಸಂಜೆ ತ್ರಿವೇಣಿ ಲೀಗ್ ನಡೆಸುವವರ ನಂಬರ್ ಹುಡುಕಿಟ್ಟಿದ್ದಳು. “ಹೇಳಿಬಿಡ್ಲಾ ಅಕ್ಕ? ಅವನನ್ನ ಹಿಡಿದ್ರೆ ಲೈವ್ ನಿಲ್ಲುತ್ತೆ. ಆಮೇಲೆ ನಿಮಗೆ ಅವಳ ಬೆನ್ನೂ ಕಾಣಲ್ಲ.”

ಪರದೆಯಲ್ಲಿ ಆಟ ಆಗಲೇ ಶುರುವಾಗಿತ್ತು. ಒಂಬತ್ತನೆಯ ನಂಬರ್ ಬೆವರಿನಲ್ಲಿ ಒದ್ದೆಯಾಗಿತ್ತು. ತಾನು ಎಣ್ಣೆ ಹಾಕಿ ಬಾಚುತ್ತಿದ್ದ ಉದ್ದ ಜಡೆ ಈಗ ಕುತ್ತಿಗೆಗೇ ಮುಗಿದಿತ್ತು. ಸುನಂದ ಅದನ್ನೇ ನೋಡಿದಳು.

“ನನಗೆ ಕಾಣ್ದೇ ಇದ್ರೂ ಪರವಾಗಿಲ್ಲ. ಅವಳು ಚೆನ್ನಾಗಿರ್ಲಿ. ಮಾಡು ಕಣೇ.”

ತ್ರಿವೇಣಿ ತನ್ನ ಗಂಡನ ಫೋನಿನಿಂದ ಲೀಗಿನವರ ಜೊತೆ ಮಾತಾಡಿದಳು. ಬಲಗಡೆ ಬಾಸ್ಕೆಟ್‌ನ ಹಿಂದೆ, ಮೇಲಿನ ಸಾಲು, ಮೊಬೈಲು ಹಿಡಿದುಕೊಂಡೇ ಕೂತಿರುತ್ತಾನೆ, ಹುಡುಗಿಯ ಬೆನ್ನು ಬಿಡುವುದಿಲ್ಲ ಎಂದಳು.

ಹತ್ತು ನಿಮಿಷವೂ ಆಗಲಿಲ್ಲ. ಲೈವ್‌ನಲ್ಲೇ ಗಡಸು ದನಿ ಕೇಳಿಸಿತು. “ಏಯ್, ಏಳ್ರೀ ಮೇಲೆ. ಯಾವ ಹುಡುಗೀನ ತೆಗೀತಿದ್ದೀರ? ಮೊಬೈಲ್ ಕೊಡಿ ಇಲ್ಲಿ.”

“ಸಿಕ್ಕಿದ ನೋಡಿ!” ಎಂದು ತ್ರಿವೇಣಿ ಚಪ್ಪಾಳೆ ತಟ್ಟಿದಳು.

ಅತ್ತಲಿಂದ ಏದುಸಿರು ಮಾತ್ರ. ಚಿತ್ರ ಅಲ್ಲಾಡಿತು, ಸುತ್ತಿತು, ಧೊಪ್ಪೆಂದು ಬಿತ್ತು. ಪರದೆಯ ತುಂಬ ಛಾವಣಿಯ ದೀಪಗಳು. ಯಾರೋ “ಬಿದ್ದುಬಿಟ್ರು, ನೀರು ತನ್ನಿ” ಎಂದು ಕೂಗಿದರು. ಶಿಳ್ಳೆ ಊದಿ ಆಟ ನಿಲ್ಲಿಸಿದರು. ಮೆಟ್ಟಿಲು ಹತ್ತಿ ಓಡಿಬರುವ ಶೂಗಳ ಸದ್ದು. ಸುನಂದ ನಿರಾಳವಾದಳು. ಪೀಡೆ ತೊಲಗಿತು, ಮಗಳು ಉಳಿದಳು.

ದೀಪಗಳಿಗೆ ಅಡ್ಡಲಾಗಿ ಒಂದು ಮುಖ ಬಾಗಿತು. ಮೂರು ವರ್ಷದ ಮೇಲೆ, ಇಷ್ಟು ಹತ್ತಿರದಲ್ಲಿ, ಧನಶ್ರೀಯ ಮುಖ. ಸುನಂದ ಬೆರಳು ಚಾಚಿ ಆ ಕೆನ್ನೆಯನ್ನು ಮುಟ್ಟಿದಳು.

“ಅಪ್ಪಾ,” ಎಂದು ಚೀರಿದಳು ಧನಶ್ರೀ, “ಕಣ್ಣು ಬಿಡಪ್ಪಾ!”