ಸಕ್ಕರೆ ದಾಟಿದ ಇರುವೆಗಳು

ಸ್ವಿಚ್ ಬೋರ್ಡಿನ ಕೆಳಗಿನ ಬಿರುಕಿನಿಂದ ಇರುವೆಗಳು ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು ಸಾಲುಗಟ್ಟಿ ಇಳಿಯುತ್ತಿದ್ದವು. ಅನಂತಮ್ಮ ಜೀನ್ಸ್ ಪ್ಯಾಂಟಿನ ಹೊಲಿಗೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

"ಲೋಕನಾಥಣ್ಣ, ಮೊಟ್ಟಿ ಹೊತ್ಕೊಂಡು ಹೊಂಟಾವ ನೋಡ್ರಿ. ಇವತ್ತು ಮಳಿ ಗ್ಯಾರಂಟಿ!"

ಹೊಲಿಗೆ ಯೂನಿಟ್ಟಿನ ಮಾಲೀಕ ಲೋಕನಾಥ್ ಕಿಟಕಿಯಾಚೆ ನೋಡಿದ. ರಾಯದುರ್ಗದ ಬೆಟ್ಟದ ಮೇಲೆ ಒಂದು ಮೋಡವೂ ಇರಲಿಲ್ಲ. "ಬರ್ಲಿ ಬಿಡ್ರಿ, ಊರಾರ ತಣ್ಣಗಾಗ್ತೈತಿ," ಎಂದು ಜೋರಾಗಿ ನಕ್ಕ.

"ಮೆಲ್ಲಕ ನಗ್ರಿ. ನೇತ್ರಾ ಈಗಷ್ಟ ಮಲಗ್ಯಾಳ." ಊಟ ಮುಗಿಸಿದ ಅನಂತಮ್ಮನ ಮಗಳು ಸ್ವಿಚ್ ಬೋರ್ಡಿದ್ದ ಗೋಡೆಯಾಚೆಯ ಬಟ್ಟೆ ಗೋಡೌನಿನಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು, ಬಂಡಲುಗಳ ಮೇಲೆ ಒರಗಿದ್ದಳು.

ಮಳೆ ತರುವ ಇರುವೆಯ ಬಾಯಿ ಸಿಹಿ ಮಾಡಬೇಕೆಂಬುದು ಅನಂತಮ್ಮನ ತವರಿನ ಪದ್ಧತಿ. ಚಹಾದ ಸಾಮಾನಿನಿಂದ ಚಿಟಿಕೆ ಸಕ್ಕರೆ ತಂದು ಸಾಲಿನ ದಾರಿಗೆ ಉದುರಿಸಿದಳು. ಒಂದು ಇರುವೆಯೂ ನಿಲ್ಲಲಿಲ್ಲ. ಸಕ್ಕರೆಯನ್ನು ಹತ್ತಿಳಿದು ಬಾಗಿಲ ಕಡೆಗೆ ಓಡಿದವು. ಅವುಗಳ ಹಿಂದೆಯೇ, ಹಗಲಲ್ಲಿ ಎಂದೂ ಕಾಣದ ಜಿರಲೆಗಳು ಹೊರಬಿದ್ದವು. ಮೊದಲು ಒಂದು, ಆಮೇಲೆ ಹಿಂಡುಹಿಂಡಾಗಿ.

"ಸಕ್ಕರಿ ಬಿಟ್ಟು ಹೊಂಟಾವಲ್ರಿ... ಯಾಕ?" ಎನ್ನುತ್ತ ಅನಂತಮ್ಮ ಎದ್ದು, ಬಿರುಕಿನ ಪಕ್ಕದಲ್ಲಿ ಗೋಡೆಗೆ ಅಂಗೈ ಒತ್ತಿದಳು.

ಗೋಡೆ ರೊಟ್ಟಿ ಹಂಚಿನಂತೆ ಸುಡುತ್ತಿತ್ತು.