ಬಂಡೆಗೆ ಜೋತುಬಿದ್ದ ಹುಡುಗ

"ಹಯಾತೆ ಗೋರೋ ಅಂದ್ರೆ ನೀವೇನಾ?"

ಕಾವಲಿ ಒರೆಸುತ್ತಿದ್ದ ಯಾಸುಯೋ ಅಜ್ಜಿಯ ಕೈ ನಿಂತಿತು. ಒಸಾಕಾದ ಆ ಪುಟ್ಟ ತಿಂಡಿ ಅಂಗಡಿಯಲ್ಲಿ ಮಧ್ಯಾಹ್ನದ ಗಿರಾಕಿಗಳೆಲ್ಲ ಎದ್ದುಹೋಗಿದ್ದರು. ಉಳಿದವರು ಕುಸಾಕಾ ಒಬ್ಬರೇ. ತಲೆ ನರೆತ, ಟ್ರಾಮ್ ಓಡಿಸಿ ನಿವೃತ್ತರಾದವರು.

"ಯಾರಪ್ಪ ಹೇಳಿದ್ದು?"

"ನಿಮ್ಮ ಪುಸ್ತಕ ಅಚ್ಚು ಹಾಕ್ತಿದ್ದೋರು."

"ಆ ಮುದುಕನಿಗೆ ಬಾಯಿ ನಿಲ್ಲಲ್ಲ," ಅಜ್ಜಿ ನಕ್ಕರು. "ಹೆಣ್ಣಿನ ಹೆಸರಿದ್ರೆ ಹುಡುಗ್ರು ಸಾಹಸದ ಕಥೆ ಕೊಳ್ಳಲ್ಲ ಅಂತ ಪ್ರಕಾಶಕ ಇಟ್ಟ ಹೆಸರು ಅದು."

ಕುಸಾಕಾ ಚೀಲದಿಂದ ಪುಸ್ತಕ ತೆಗೆದು ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದರು. ಯುದ್ಧ ಮುಗಿದ ಹೊಸತರಲ್ಲಿ ಮಿಠಾಯಿ ಅಂಗಡಿಗಳಲ್ಲಿ ತೂಗುಹಾಕಿ ಮಾರುತ್ತಿದ್ದ ಕೆಂಪು ರಟ್ಟಿನ ಕಾಮಿಕ್ಸ್. ಅಂಥವನ್ನು ಅವರು ಜೀವಮಾನವಿಡೀ ಕೂಡಿಟ್ಟಿದ್ದರು. ಇದರ ಇನ್ನೊಂದು ಪ್ರತಿ ಮಾತ್ರ ಯಾರ ಬಳಿಯೂ ಇರಲಿಲ್ಲ. ಕೊನೆಯ ಚಿತ್ರದಲ್ಲಿ ತೆಪ್ಪೇಯ್ ಎಂಬ ಹುಡುಗ ಒಂದೇ ಕೈಯಲ್ಲಿ ಬಂಡೆಯ ಅಂಚಿಗೆ ಜೋತುಬಿದ್ದಿದ್ದ. ಕೆಳಗೆ ಬರೀ ಮೋಡ.

"ಮುಂದಿನ ಭಾಗ ಬರಲೇ ಇಲ್ಲ ಗುರುಗಳೇ. ಎಂಟು ವರ್ಷದವನಿದ್ದಾಗಿಂದ ಕಾಯ್ತಿದೀನಿ. ಏನಾದ ಇವನು?"

"ಗುರುಗಳಂತೆ! ಕೋಸು ಹೆಚ್ಚೋಳಿಗೆ!" ಅಜ್ಜಿ ಕನ್ನಡಕ ಏರಿಸಿ ಬಗ್ಗಿದರು. "ಪ್ರಕಾಶಕ ಬಾಗಿಲು ಹಾಕ್ದ. ನಂಗೆ ಮದುವೆ ಆಯ್ತು. ಇವನನ್ನ ಮರ್ತೇಬಿಟ್ಟೆ ನೋಡು... ಪಾಪ, ಇನ್ನೂ ಇಲ್ಲೇ ಇದಾನಾ!"

ಬಾಗಿಲ ಪರದೆ ಗಾಳಿಗೆ ಉಬ್ಬಿ, ಬಿಸಿಲು ಪುಟದ ಮೇಲೆ ಹರಿದಾಡಿತು. ಚಿತ್ರದ ಮೋಡಗಳು ಮೆಲ್ಲಗೆ ಸರಿದಂತಾಯಿತು. ಅಜ್ಜಿಯ ಬೆರಳು ಹುಡುಗನ ಟೋಪಿಯನ್ನು ಸವರುತ್ತಿತ್ತು. ಆಮೇಲೆ ತಿಂಡಿಗಳ ಹೆಸರು ಬರೆಯುವ ಕುಂಚ ಎತ್ತಿಕೊಂಡು, ಪುಸ್ತಕದ ಕೊನೆಯ ಖಾಲಿ ಪುಟ ತಿರುವಿದರು.

"ಮುಂದಿಂದು ಇಲ್ಲಿ ಬರೀಲಾ?"

ಕುಸಾಕಾ ಥಟ್ಟನೆ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. ಸ್ವಂತ ಮೊಮ್ಮಗಳಿಗೂ ಅವರು ಅದನ್ನು ಮುಟ್ಟಗೊಟ್ಟಿರಲಿಲ್ಲ.

"ಇರೋದು ಇದೊಂದೇ..."

"ಹಾಗಾದ್ರೆ ನೇತಾಡ್ಕೊಂಡೇ ಇರ್ಲಿ ಬಿಡು."

ಕುಸಾಕಾ ಕಣ್ಣು ಮುಚ್ಚಿ ಪುಸ್ತಕವನ್ನು ಅಜ್ಜಿಯತ್ತ ತಳ್ಳಿದರು.

ಹಳೆಯ ಕಾಗದ ಮಸಿಯನ್ನು ಹೀರಿಕೊಂಡಿತು. ಬೆಟ್ಟ ಸೊಟ್ಟಗಾಯಿತು. ಅಜ್ಜಿ ಉಫ್ ಎಂದು ಊದಿ ಪುಟವನ್ನು ಅವರ ಕಡೆ ತಿರುಗಿಸಿದರು. ಮೋಡಗಳಿಗಿಂತ ಮೇಲೆ, ಬೆಟ್ಟದ ತುದಿಯಲ್ಲಿ ತೆಪ್ಪೇಯ್ ಕಾಲು ಇಳಿಬಿಟ್ಟು ಕೂತಿದ್ದ. ಅದೇ ಟೋಪಿ, ಅದೇ ಹರಿದ ಅಂಗಿ. ಮುಖದ ತುಂಬ ಸುಕ್ಕು.

"ಮುದುಕ ಆಗ್ಬಿಟ್ಟಿದಾನಲ್ಲ!"

"ಇನ್ನೇನಪ್ಪ," ಅಜ್ಜಿ ಕುಂಚ ತೊಳೆಯುತ್ತ ಅಂದರು. "ಯಾರೂ ಕೈ ಹಿಡಿದು ಎಳೀಲಿಲ್ವಲ್ಲ. ಒಬ್ನೇ ಹತ್ತಿದಾನೆ."