ಈಶಪ್ಪನ ಕಂಪ್ಯೂಟರ್ ಹುಂಜ

“ಅಣ್ಣಾರ, ನಿಮ್ಮ ಹುಂಜ ಇನ್ನಾ ಕೂಗಿಲ್ಲೇನ್ರಿ?” ಎಂದು ಕರೆಮ್ಮ ಕೇಳಿದಾಗ ಈಶಪ್ಪ ಮೀಸೆಯಲ್ಲೇ ನಕ್ಕ. ಸುರಪುರದಲ್ಲಿ ಅರ್ಜಿ ಟೈಪು ಮಾಡುವ ಅವನ ಕಂಪ್ಯೂಟರಿನೊಳಗೆ ಒಂದು ಅಲಾರಂ ಇತ್ತು. ಗೊತ್ತುಮಾಡಿದ ದಿನ ಬಂತೆಂದರೆ ಹುಂಜದಂತೆ ಕೂಗುತ್ತಿತ್ತು. ಆ ಕೂಗಿಗೆ ಕೃಷ್ಣೆಯ ಆಚೆ ದಂಡೆಯ ಕೋಳಿಗಳು ನಾಚಿ ಮೊಟ್ಟೆ ಇಡುವುದನ್ನೇ ಬಿಟ್ಟಿವೆ, ಸೂರ್ಯ ಕೂಡ ಅದನ್ನು ಕೇಳಿಯೇ ಹುಟ್ಟುತ್ತಾನೆ ಎಂದು ಈಶಪ್ಪ ಸಾರಿದ್ದ. ಊರು ಅರ್ಧ ನಂಬಿತ್ತು.

ಕರೆಮ್ಮ ಪೂರ್ತಿ ನಂಬಿದ್ದಳು. ಕಾಲುವೆಯ ಗೇಟು ಎತ್ತಿ ಇಳಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ, ಆ ಸರಕಾರಿ ನೌಕರಿ ತನಗೆ ಕೊಡಿರೆಂಬ ಅರ್ಜಿ ವರ್ಷದೊಳಗೆ ಕಚೇರಿ ಸೇರಬೇಕಿತ್ತು. “ವಾರಸಾ ಕಾಗದ ಬರೋತನಕ ನೀವು ಹತ್ತಿ ಬಿಡಸಾಕ ಹೋಗ್ರಿ ಅಕ್ಕಾರ. ಗಡುವಿಗಿ ವಾರ ಇರಾಗ ಇದು ಕೂಗತೈತಿ, ನಾ ಫೋನ್ ಹಚ್ಚತೀನಿ” ಎಂದಿದ್ದ ಈಶಪ್ಪ. ಇವತ್ತು ಕಾಗದ ಕೈಗೆ ಬಂದು, ಅವಳು ತಾನಾಗಿಯೇ ಬಂದಿದ್ದಳು.

ಈಶಪ್ಪ ಪರದೆಯ ಮೂಲೆ ನೋಡಿದ. ೧ ಜನವರಿ ೨೦೦೨. ಕಂಪ್ಯೂಟರಿನೊಳಗೆ ತಾರೀಖು ಕಾಯುವ, ಅಂಗಿಯ ಗುಂಡಿಯಷ್ಟು ಸೆಲ್ಲು ಸತ್ತಿತ್ತು. ದಿನಕ್ಕೆ ಸಾವಿರ ಸಲ ಕರೆಂಟು ಹೋಗುವ ಊರಲ್ಲಿ, ಹೋದಾಗಲೆಲ್ಲ ತಾರೀಖು ಅಲ್ಲಿಗೇ ಓಡುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ೨೦೧೦ರ ಫೆಬ್ರವರಿ.

“ಗಡುವು ದಾಟಿ ಒಂಬತ್ತು ದಿನ ಆತ್ರಿ ಅಕ್ಕಾರ. ಇನ್ನ ತಗೊಳಂಗಿಲ್ರಿ.”

ಕರೆಮ್ಮ ಪರದೆಯತ್ತ ಬಗ್ಗಿದಳು. “ಅದ್ರಾಗ ಯಾವ ಇಸವಿ ಐತ್ರಿ?”

“ಎರಡ್ ಸಾವಿರದ ಎರಡು.”

“ಹಂಗಾರ ಅದ್ರಾಗ ನಮ್ಮ ಮನಿಯವ್ರು ಇನ್ನಾ ಅದಾರ.”

ತಾರೀಖು ಸರಿಪಡಿಸಲು ಈಶಪ್ಪ ಮೌಸಿಗೆ ಕೈ ಹಾಕಿದ. ಕರೆಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಬ್ಯಾಡ್ರಿ ಅಣ್ಣಾರ. ಹಂಗ ಇರ್ಲಿ.”